ಫ್ರೀಜರ್‌ನಲ್ಲಿಟ್ಟಿದ್ದು ಹೇಗೆ ಕೆಡುತ್ತದೆ?

ಆಹಾರ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಅಂದರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲೂ ಯಾರಾದರೂ ಕೇಳುತ್ತಾರೆ: ‘ಫ್ರೀಜರ್‌ನಲ್ಲೇ ಇಟ್ಟಿದ್ವಿ ಕಣ್ರೀ, ಆದ್ರೂ ಹೊಟ್ಟೆ ಕೆಡ್ತು, ಯಾಕೆ?’ ಒಳಗಿಡುವ ಮೊದಲು ಎಷ್ಟು ಹೊತ್ತು ಹೊರಗಿತ್ತು, ತೆಗೆದ ಮೇಲೆ ಎಷ್ಟು ಹೊತ್ತು ಹೊರಗಿತ್ತು ಎಂದು ನಾನು ತಿರುಗಿ ಕೇಳುತ್ತೇನೆ. ಉತ್ತರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಫ್ರೀಜರ್ ಬ್ಯಾಕ್ಟೀರಿಯಾವನ್ನು ಕೊಂದುಬಿಡುತ್ತದೆ ಅನ್ನುವ ನಂಬಿಕೆ ಬಹಳ ಜನರಿಗಿದೆ. ಮೈನಸ್ 18 ಡಿಗ್ರಿಯಲ್ಲಿ ಅವು ಬೆಳೆಯುವುದಿಲ್ಲ, ಅಷ್ಟೆ. ಒಂದಷ್ಟು ಸಾಯುತ್ತವೆ, ಬಹಳಷ್ಟು ಸುಮ್ನೆ ಕೂತಿರುತ್ತವೆ. ಕರಗಿ ಬೆಚ್ಚಗಾದರೆ ಮತ್ತೆ ಶುರು. ಅರ್ಧ ಹಳಸಿದ ಸಾರನ್ನು ಒಳಗಿಟ್ಟರೆ ತಿಂಗಳ ನಂತರ ಹೊರಗೆ ಬರುವುದೂ ಅರ್ಧ ಹಳಸಿದ ಸಾರೇ.

ಬಂಗುಡೆಯನ್ನೇ ನೋಡಿ. ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಜಾಸ್ತಿ. ಮೀನು ಸತ್ತ ಮೇಲೆ ಐಸ್ ಇಲ್ಲದೆ ಬಿದ್ದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡಿಬಿಡುತ್ತದೆ. ಅಂಥ ಮೀನು ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ‘ನಂಗೆ ಮೀನು ಅಲರ್ಜಿ’ ಅಂದುಕೊಂಡವರಲ್ಲಿ ಕೆಲವರದ್ದು ನಿಜವಾಗಿ ಇದು. ಒಮ್ಮೆ ಹಿಸ್ಟಮಿನ್ ಆಯಿತೋ, ಫ್ರೀಜರ್‌ನಲ್ಲಿಟ್ಟರೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಕಾವಲಿಯ ಮೇಲೆ ಗರಿಗರಿ ಹುರಿದರೂ ಹೋಗುವುದಿಲ್ಲ. ಮೂಗಿಗೂ ಸಿಗದೆ ಇರಬಹುದು. ಹಾಗಾಗಿ ಮಾರುಕಟ್ಟೆಯಿಂದ ಬೆಳಗ್ಗೆ ತಂದ ಮೀನು ಸಂಜೆವರೆಗೆ ಸಿಂಕ್ ಪಕ್ಕ ಕಾಯಬಾರದು. ಬಂದ ಕೂಡಲೇ ಕಿವಿರು, ಕರುಳು ತೆಗೆದು, ತೊಳೆದು, ನೀರು ಬಸಿದು, ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟನ್ನು ಒಂದೊಂದು ಕವರ್‌ಗೆ ಹಾಕಿ ಒಳಗಿಡಿ. ಇಂಥ ಎಣ್ಣೆ ಅಂಶದ ಮೀನನ್ನು 2–3 ತಿಂಗಳೊಳಗೆ ಮುಗಿಸುವುದು ಒಳ್ಳೆಯದು. ಅಷ್ಟು ಚಳಿಯಲ್ಲೂ ಅದರ ಕೊಬ್ಬು ನಿಧಾನವಾಗಿ ಕಮಟಾಗುತ್ತದೆ.

ಅನ್ನದ ಕಥೆಯೂ ಹತ್ತಿರ ಹತ್ತಿರ ಇದೇ. ಬೆಸಿಲ್ಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿ ಬೇಯುವಾಗಲೂ ಸಾಯುವುದಿಲ್ಲ. ಅನ್ನ ಹೊರಗೇ ಉಳಿದರೆ ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಉಳಿಯುತ್ತದೆ. ‘ಪೂರ್ತಿ ತಣ್ಣಗಾಗಲಿ’ ಎಂದು ಪಾತ್ರೆಯನ್ನು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡುವವರು ಇದನ್ನು ಗಮನಿಸಬೇಕು. ಮಾಡಿದ ಅಡುಗೆ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಅಗಲ ತಟ್ಟೆಗೆ ಹರಡಿದರೆ, ಇಲ್ಲವೇ ಪಾತ್ರೆಯನ್ನು ತಣ್ಣೀರಿನ ಟಬ್‌ನಲ್ಲಿಟ್ಟು ಕಲಕಿದರೆ ಬೇಗ ಆರುತ್ತದೆ.

ಇನ್ನು ಫ್ರೀಜರ್ ವಿಷಯ. ಫ್ರಿಜ್ ಬಾಗಿಲಿಗೆ ಅಂಟಿಸಿದ ಐದು ನಕ್ಷತ್ರ ಕರೆಂಟ್ ಉಳಿತಾಯದ್ದು, ತಂಪಿನದ್ದಲ್ಲ. ಕೆಲವು ಫ್ರಿಜ್‌ಗಳ ಫ್ರೀಜರ್ ಮುಚ್ಚಳದ ಮೇಲೆ ಬೇರೆ ನಕ್ಷತ್ರ ಇರುತ್ತದೆ: ಒಂದಿದ್ದರೆ ಮೈನಸ್ 6, ಎರಡಿದ್ದರೆ ಮೈನಸ್ 12, ಮೂರಿದ್ದರೆ ಮೈನಸ್ 18 ಡಿಗ್ರಿ. ಒಂಟಿ ಬಾಗಿಲಿನ ಎಷ್ಟೋ ಫ್ರಿಜ್‌ಗಳ ಪುಟ್ಟ ಖಾನೆ ಮೈನಸ್ 18ಕ್ಕೆ ಇಳಿಯುವುದೇ ಇಲ್ಲ. ಅಂಗಡಿಯಲ್ಲಿ ಕಲ್ಲಿನಂತಿದ್ದ ಐಸ್‌ಕ್ರೀಂ ನಿಮ್ಮ ಮನೆಯಲ್ಲಿ ಮೆತ್ತಗೆ ಇರುತ್ತದಾ? ಹಾಗಾದರೆ ಆ ಖಾನೆಯನ್ನು ನಂಬಿ ತಿಂಗಳುಗಟ್ಟಲೆ ಕೋಳಿ ಇಡಬೇಡಿ, ವಾರದ ಲೆಕ್ಕದಲ್ಲಿ ಮುಗಿಸಿ. ಈ ಫ್ರಿಜ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಐಸ್ ಗಟ್ಟಿ ಕಟ್ಟಿತೆಂದು ಡಿಫ್ರಾಸ್ಟ್ ಗುಂಡಿ ಒತ್ತುತ್ತೇವೆ, ಒಳಗಿದ್ದ ಮೀನೂ ಜೊತೆಗೇ ಕರಗುವುದು ಯಾರಿಗೂ ನೆನಪಿರುವುದಿಲ್ಲ!

ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಫ್ರೀಜರ್‌ಗೆ ನಿಜವಾದ ಕೆಲಸ. ಕಾಳನ್ನು ಹಸಿಯಾಗಿ ಹಾಗೇ ತುಂಬಿದರೆ ಯುಗಾದಿ ಹೊತ್ತಿಗೆ ಬಣ್ಣ ಮಾಸಿ, ರುಚಿ ಒಗರಾಗಿರುತ್ತದೆ. ಕಾಳಿನೊಳಗಿನ ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ. ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟು, ತಕ್ಷಣ ಐಸ್ ನೀರಿಗೆ ಹಾಕಿ. ಹಸಿ ಬಟಾಣಿಗೆ ಒಂದೂವರೆ ನಿಮಿಷ ಸಾಕು. ಬಟ್ಟೆಯ ಮೇಲೆ ಒಣಗಿಸಿ, ಕವರ್‌ಗೆ ತುಂಬಿ, ಗಾಳಿ ಒತ್ತಿ ತೆಗೆದು, ರೊಟ್ಟಿಯ ಹಾಗೆ ಚಪ್ಪಟೆ ಮಾಡಿ ಇಡಿ. ದಪ್ಪ ಉಂಡೆ ಮಾಡಿದರೆ ನಡುಭಾಗ ಗಟ್ಟಿಯಾಗಲು ತಾಸುಗಟ್ಟಲೆ ಬೇಕು. ನಿಧಾನವಾಗಿ ಗಟ್ಟಿಯಾದಷ್ಟೂ ಐಸ್ ಹರಳು ದೊಡ್ಡದಾಗಿ ಕಾಳಿನ ಜೀವಕೋಶ ಹರಿಯುತ್ತದೆ. ಕರಗಿದಾಗ ನೀರು ಬಿಟ್ಟು ಜೋಲಾಗುವುದು ಅದಕ್ಕೇ. ಕಾಯಿತುರಿಗೂ ಇದೇ ಚಪ್ಪಟೆ ಕವರ್ ಒಳ್ಳೆಯದು, ಬೇಕಾದಷ್ಟು ಮುರಿದುಕೊಳ್ಳಬಹುದು. ಗಾಳಿ ಉಳಿದ ಕಡೆ ಮಾಂಸ ಬೆಳ್ಳಗೆ ಒಣಗಿರುತ್ತದಲ್ಲ, ಅದರಿಂದ ಅಪಾಯವಿಲ್ಲ. ಆ ಭಾಗ ಕತ್ತರಿಸಿ ತೆಗೆದರೆ ಆಯಿತು. ಕವರ್ ಮೇಲೆ ತಾರೀಖು ಬರೆಯಿರಿ.

ಕರಗಿಸುವಾಗಲೇ ಜಾಸ್ತಿ ಎಡವುವುದು. ಕೋಳಿ ಪ್ಯಾಕೆಟ್ಟನ್ನು ಬೆಳಗ್ಗೆ ಅಡುಗೆಕಟ್ಟೆಯ ಮೇಲಿಟ್ಟು ಆಫೀಸಿಗೆ ಹೋಗುತ್ತಾರೆ. ಸಂಜೆ ಮುಟ್ಟಿದರೆ ನಡುವೆ ಇನ್ನೂ ತಣ್ಣಗಿರುತ್ತದೆ, ಆದರೆ ಮೇಲ್ಭಾಗ ಆಗಲೇ ಗಂಟೆಗಟ್ಟಲೆ ಕೋಣೆಯ ಶಾಖದಲ್ಲಿ ಕಳೆದಿರುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಶೆಲ್ಫ್‌ಗೆ ಇಳಿಸಿ, ಪ್ಯಾಕೆಟ್ಟಿನ ಕೆಳಗೆ ಒಂದು ತಟ್ಟೆ ಇಡಿ. ರಕ್ತದ ನೀರು ಸೊಪ್ಪು ತರಕಾರಿಗೆ ಸೋರಬಾರದು. ಅವಸರವಿದ್ದರೆ ಬಿಗಿಯಾಗಿ ಕಟ್ಟಿದ ಕವರನ್ನು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಮೈಕ್ರೋವೇವ್‌ನಲ್ಲಿ ಕರಗಿಸಿದ್ದನ್ನು ಆಗಲೇ ಬೇಯಿಸಿಬಿಡಬೇಕು. ಬಟಾಣಿ, ಅವರೆಯನ್ನು ಕರಗಿಸುವುದೇ ಬೇಡ, ನೇರ ಪಾತ್ರೆಗೆ ಹಾಕಿ. ಫ್ರಿಜ್‌ನೊಳಗೇ ಕರಗಿದ ಮಾಂಸವನ್ನು ಒಂದೆರಡು ದಿನದೊಳಗಾದರೆ ಮತ್ತೆ ಫ್ರೀಜರ್‌ಗೆ ಹಾಕಬಹುದು. ರುಚಿ ಕಡಿಮೆಯಾಗುತ್ತದೆ, ಅಪಾಯವಿಲ್ಲ. ಹೊರಗೆ ಕರಗಿದ್ದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಕರೆಂಟ್ ಹೋದರೆ ಮೊದಲು ಮಾಡಬೇಕಾದ್ದು, ಬಾಗಿಲು ತೆಗೆಯದೆ ಇರುವುದು. ತುಂಬಿದ ಪ್ರತ್ಯೇಕ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಂಪು ಹಿಡಿದಿಡುತ್ತದೆ. ಒಂಟಿ ಬಾಗಿಲಿನ ಫ್ರಿಜ್‌ನ ಖಾನೆಯಿಂದ ಅಷ್ಟು ನಿರೀಕ್ಷೆ ಬೇಡ. ಊರಿಗೆ ಹೋಗುವ ಮೊದಲು ಒಂದು ಲೋಟ ನೀರನ್ನು ಐಸ್ ಮಾಡಿ, ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ತಳ ಸೇರಿದ್ದರೆ, ಈಗ ಎಲ್ಲ ಕಲ್ಲಿನಂತೆ ಕಂಡರೂ ನಡುವೆ ಪೂರ್ತಿ ಕರಗಿತ್ತು ಎಂದರ್ಥ. ಆಗ ಮೀನು, ಮಾಂಸ, ಮಾಡಿಟ್ಟ ಅಡುಗೆ ಎಲ್ಲ ಎಸೆಯಿರಿ, ಮೂಸಿ ನೋಡುವುದೂ ಬೇಡ.