ಜಾಯಿ: ಬರಡು ನೆಲದಲ್ಲಿ ಗೇಣಗಲದ ಗುಂಡಿ

ಜಾಯಿ: ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಮೋಸಿ ಜನರ ಮೋರೆ ಭಾಷೆಯ ಪದ. ಇದರ ಮೂಲ ‘ಜಾಯೆಗ್ರೆ’, ಅಂದರೆ ಬೆಳಗಾಗೆದ್ದು ಹೊಲ ಹದ ಮಾಡಲು ಅವಸರದಿಂದ ಹೊರಡುವುದು ಎನ್ನುತ್ತಾರೆ. ಈಗ ಬಳಕೆಯಲ್ಲಿರುವ ಅರ್ಥ ಬೇರೆ. ಹೆಪ್ಪುಗಟ್ಟಿದ ಬರಡು ನೆಲದಲ್ಲಿ ಬೇಸಿಗೆಯಲ್ಲೇ ತೋಡಿ, ಗೊಬ್ಬರ ಹಾಕಿಟ್ಟು, ಮಳೆ ಬಿದ್ದಾಗ ಜೋಳವನ್ನೋ ಸಜ್ಜೆಯನ್ನೋ ಬಿತ್ತುವ ಸಣ್ಣ ಗುಂಡಿಗೆ ಜಾಯಿ ಎಂದು ಹೆಸರು. ಪಕ್ಕದ ನೈಜರ್ ದೇಶದ ಹೌಸಾ ಭಾಷಿಕರು ಇದನ್ನು ‘ತಸ್ಸಾ’ ಎನ್ನುತ್ತಾರೆ.

ಹವಾಮಾನ ಬದಲಾವಣೆಯ ಚರ್ಚೆಗಳಲ್ಲಿ ‘ಹೊಂದಾಣಿಕೆ’, ‘ತಾಳಿಕೆ’ ಎಂಬ ಎರಡು ಮಾತು ಸವೆದುಹೋಗುವಷ್ಟು ಓಡಾಡುತ್ತಿವೆ. ಜಾಯಿಯ ಹೊಲದಲ್ಲಿ ಅವಕ್ಕೆ ಅಳೆಯಬಹುದಾದ ಅರ್ಥವಿದೆ. ಬೀಳುವ ಮಳೆ ಬದಲಾಗಿದೆ ಎಂದು ಒಪ್ಪಿಕೊಂಡು ನೆಲದ ಕೆಲಸವನ್ನು ಬದಲಿಸಿಕೊಂಡರೆ ಅದು ಹೊಂದಾಣಿಕೆ. ಬಿತ್ತಿದ ಮೇಲೆ ಎರಡು ವಾರ ಮಳೆ ಮುಖ ತೋರಿಸದಿದ್ದರೂ ಪೈರು ಒಣಗದೆ ಉಳಿದರೆ ಅದು ತಾಳಿಕೆ.

ಮೊದಲು ನೆಲದ ವಿಷಯ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೇಲ್ ಪಟ್ಟಿಯಲ್ಲಿ 1968ರಿಂದ 1973ರವರೆಗೆ ಒಂದು ಬರ, 1983–84ರಲ್ಲಿ ಇನ್ನೊಂದು. ಬುರ್ಕಿನಾದ ಉತ್ತರದ ಯಟೆಂಗಾ ಪ್ರಾಂತ್ಯದಲ್ಲಿ ಜನ ಊರು ಬಿಟ್ಟು ಹೋದರು. ಮರ ಕಡಿದು, ಬೀಳು ಬಿಡದೆ ಬಿತ್ತಿ ಬಿತ್ತಿ ಬತ್ತಿದ ಹೊಲಗಳು ‘ಜಿಪೆಲೆ’ಗಳಾದವು. ಜಿಪೆಲೆ ಎಂದರೆ ಹುಲ್ಲುಕಡ್ಡಿಯೂ ಹುಟ್ಟದ, ಸಿಮೆಂಟು ಬಳಿದಂತೆ ಬಿಳಿಚಿಕೊಂಡ ನೆಲ. ಬೋಳು ಮಣ್ಣಿಗೆ ಹನಿ ಬಡಿದಾಗ ನುಣ್ಣನೆ ಕಣಗಳು ಸಿಡಿದು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ, ಒಣಗಿದ ಮೇಲೆ ಮೇಲ್ಪದರ ಗಟ್ಟಿ ಹೆಪ್ಪಾಗಿ ಕೂರುತ್ತದೆ. ಮುಂದಿನ ಮಳೆ ಅದರ ಮೇಲೆ ಜಾರಿಕೊಂಡು ಹೋಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಹಾಗಾಗಿ ಅಲ್ಲಿನ ಬರಕ್ಕೆ ಅರ್ಧ ಕಾರಣ ಆಕಾಶ, ಇನ್ನರ್ಧ ಈ ಹೆಪ್ಪು.

ಜಾಯಿಯ ಜಾಣತನ ಇರುವುದು ಈ ಹೆಪ್ಪನ್ನು ಒಡೆಯುವುದರಲ್ಲಲ್ಲ, ಉಳಿಸಿಕೊಳ್ಳುವುದರಲ್ಲಿ. ಗುಂಡಿಯ ಅಗಲ 20ರಿಂದ 40 ಸೆಂಟಿಮೀಟರ್, ಅಂದರೆ ಗೇಣಿನಿಂದ ಎರಡು ಗೇಣಿನ ಒಳಗೆ. ಆಳ 10ರಿಂದ 20. ಗುಂಡಿಯಿಂದ ಗುಂಡಿಗೆ 60ರಿಂದ 100 ಸೆಂಟಿಮೀಟರ್ ಅಂತರ. ಸಾಲುಗಳು ಇಳಿಜಾರಿಗೆ ಅಡ್ಡಲಾಗಿರಬೇಕು. ಮೇಲಿನ ಸಾಲಿನ ಎರಡು ಗುಂಡಿಗಳ ನಡುವೆ ಕೆಳಸಾಲಿನ ಗುಂಡಿ ಬರಬೇಕು, ಆಗ ಒಂದರಿಂದ ತಪ್ಪಿಸಿಕೊಂಡ ನೀರು ಇನ್ನೊಂದರ ಬಾಯಿಗೆ ಬೀಳುತ್ತದೆ. ತೋಡಿದ ಮಣ್ಣನ್ನು ಗುಂಡಿಯ ಕೆಳಮಗ್ಗುಲಿಗೆ ಅರ್ಧಚಂದ್ರದಂತೆ ಏರಿಸುತ್ತಾರೆ. ಮೇಲ್ಮಗ್ಗುಲಿಗೆ ಹಾಕಿದರೆ ಬರುವ ನೀರಿಗೆ ನಾವೇ ಬಾಗಿಲು ಮುಚ್ಚಿದಂತೆ.

ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಎರಡೂ ಕಡೆಗೆ 80 ಸೆಂಟಿಮೀಟರ್ ಅಂತರ ಬಿಟ್ಟು 30 ಸೆಂಟಿಮೀಟರ್ ಅಗಲದ ಗುಂಡಿ ತೋಡಿದರೆ, ಗುಂಡಿಗಳು ಹಿಡಿಯುವುದು ಹೊಲದ ಒಂಬತ್ತನೇ ಒಂದು ಪಾಲನ್ನು ಮಾತ್ರ. ಉಳಿದ ಎಂಟು ಪಾಲು ನೀರು ಕೊಡುವ ಅಂಗಳ. 20 ಮಿಲಿಮೀಟರ್ ಮಳೆ ಬಂತೆನ್ನಿ. ಗುಂಡಿಯ ಬಾಯಿಗೆ ನೇರವಾಗಿ ಬೀಳುವುದು ಒಂದೂವರೆ ಲೀಟರಿಗೂ ಕಡಿಮೆ. ಅದರ ಸುತ್ತಲಿನ ಅಂಗಳಕ್ಕೆ ಬೀಳುವುದು ಹನ್ನೊಂದು ಲೀಟರಿಗೂ ಹೆಚ್ಚು. ಅದರಲ್ಲಿ ಅರ್ಧ ಹರಿದು ಬಂದರೂ ಪೈರಿಗೆ ಸಿಗುವ ನೀರು ಐದು ಪಾಲಾಗುತ್ತದೆ. ಹೊಸಬರು ಮಾಡುವ ಮೊದಲ ತಪ್ಪು ಇಲ್ಲಿಯೇ: ಗುಂಡಿಯ ಜೊತೆಗೆ ಹೊಲವನ್ನೂ ಉತ್ತುಬಿಡುತ್ತಾರೆ, ಹರಿದು ಬರಬೇಕಾದ ನೀರು ಬರುವುದೇ ಇಲ್ಲ.

ತೋಡುವ ಕೆಲಸ ಬೇಸಿಗೆಯದು. ಸುಗ್ಗಿ ಮುಗಿದ ನವೆಂಬರಿನಿಂದ ಮೇವರೆಗೆ ಯಾವಾಗಲಾದರೂ ಆದೀತು, ಆದಷ್ಟು ಮುಂಚೆಯೇ ಆದರೆ ಲಾಭ. ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿ ಹೊತ್ತು ತರುವ ನುಣ್ಣನೆ ಧೂಳು, ತರಗೆಲೆ, ಹುಲ್ಲಿನ ಬೀಜ ಎಲ್ಲವೂ ಗುಂಡಿಯಲ್ಲಿ ಸಿಕ್ಕಿಬೀಳುತ್ತವೆ. ಆಮೇಲೆ ಗುಂಡಿಗೊಂದು ಬೊಗಸೆಯಂತೆ ಕೊಟ್ಟಿಗೆ ಗೊಬ್ಬರ, ತೂಕದಲ್ಲಿ 200ರಿಂದ 600 ಗ್ರಾಂ, ಮೇಲೆ ತೆಳ್ಳಗೆ ಮಣ್ಣು. ಗೊಬ್ಬರ ಕಳಿತಿರಬೇಕು. ಹಸಿ ಸಗಣಿ ಹಾಕಿದ ವರ್ಷ ಬಿತ್ತನೆಯ ಬೆನ್ನಿಗೇ ಮಳೆ ಹೋದರೆ ಅದರ ಕಾವಿಗೆ ಮೊಳಕೆ ಸುಟ್ಟುಹೋಗುತ್ತದೆ.

ಗೊಬ್ಬರ ಹಾಕಿದ ಮೇಲೆ ರೈತ ಕರೆಯದ ಕೂಲಿಯಾಳುಗಳು ಬರುತ್ತವೆ. ಗೆದ್ದಲು! ನಮ್ಮಲ್ಲಿ ಗೆದ್ದಲು ಕಂಡರೆ ಔಷಧಿ ಹುಡುಕುತ್ತೇವೆ, ಅಲ್ಲಿ ಗೊಬ್ಬರದ ಅರ್ಧ ಗುರಿಯೇ ಅದನ್ನು ಕರೆಸುವುದು. ಗೊಬ್ಬರದ ಕಸಕಡ್ಡಿ ತಿನ್ನಲು ಅವು ತಳದಿಂದ ಮೇಲಕ್ಕೆ ಸುರಂಗ ಕೊರೆಯುತ್ತವೆ, ಪಿಕಾಸಿಗೂ ಬಗ್ಗದ ಹೆಪ್ಪಿನಡಿ ನೂರಾರು ಸಣ್ಣ ಕೊಳವೆಗಳಾಗುತ್ತವೆ. ಮೊದಲ ಮಳೆಯ ನೀರು ಆ ಕೊಳವೆಗಳಲ್ಲಿ ಇಳಿದು, ಬಿಸಿಲಿಗೆ ಆರಿಹೋಗದಷ್ಟು ಆಳದಲ್ಲಿ ನಿಲ್ಲುತ್ತದೆ. ಗೆದ್ದಲು ಜೀರ್ಣಿಸಿ ಬಿಟ್ಟ ಗೊಬ್ಬರ ಬೇರಿಗೆ ಬೇಗ ಒದಗುತ್ತದೆ.

ಈ ಪದ್ಧತಿ ಇವತ್ತಿನದಲ್ಲ. ಕೆಟ್ಟ ನೆಲದ ತುಣುಕುಗಳಲ್ಲಿ ಹಿಂದಿನವರು ಸಣ್ಣ ಗುಂಡಿ ತೋಡುತ್ತಿದ್ದರು, ಮಳೆ ಸರಿಯಾಗಿದ್ದ ಕಾಲದಲ್ಲಿ ಬಿಟ್ಟುಹೋಗಿತ್ತು. 1980ರ ಸುಮಾರಿಗೆ ಯಟೆಂಗಾದ ಗೂರ್ಗಾ ಊರಿನ ರೈತ ಯಾಕೂಬಾ ಸವಡೋಗೊ ಗುಂಡಿಯನ್ನು ಇನ್ನಷ್ಟು ಅಗಲ, ಆಳ ಮಾಡಿ, ಬೇಸಿಗೆಯಲ್ಲೇ ಗೊಬ್ಬರ ತುಂಬಿದರು. ಊರಿನವರು ಅವರಿಗೆ ತಲೆಕೆಟ್ಟಿದೆ ಎಂದರು, ಪೈರು ಬಂದ ಮೇಲೆ ಕಲಿಯಲು ಬಂದರು. ಅವರು ತಮ್ಮ ಹೊಲದಲ್ಲೇ ಜಾಯಿ ಸಂತೆ ನಡೆಸತೊಡಗಿದರು, ರೈತರು ಬೀಜ ತಂದು ಬದಲಾಯಿಸಿಕೊಳ್ಳುತ್ತಿದ್ದರು. ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡರು.

ಅವರ ಹೊಲ ಕೊನೆಗೆ ಕಾಡಾದದ್ದಕ್ಕೂ ಗುಂಡಿಯೇ ಕಾರಣ. ಮೇಯುವ ದನ, ಆಡುಗಳ ಗೊಬ್ಬರದಲ್ಲಿ ಮರದ ಬೀಜಗಳಿರುತ್ತವೆ, ಜೋಳದ ಜೊತೆಗೆ ಅವೂ ಹುಟ್ಟುತ್ತವೆ. ತಿಳಿದ ರೈತ ಅವನ್ನು ಕಳೆಯೆಂದು ಕಿತ್ತೆಸೆಯುವುದಿಲ್ಲ. ಕಟಾವಿನಲ್ಲಿ ಜೋಳದ ದಂಟನ್ನು ಬುಡಕ್ಕೆ ಕೊಯ್ಯದೆ ಮೊಣಕಾಲುದ್ದ ಕೂಳೆ ಬಿಡುತ್ತಾನೆ. ಆ ಕೂಳೆಯ ಮರೆಯಲ್ಲಿ ಸಸಿಗೆ ಬೇಸಿಗೆಯ ಬಿಸಿಗಾಳಿಯೂ ಆಡಿನ ಬಾಯಿಯೂ ತಟ್ಟುವುದು ಕಡಿಮೆ.

ಇಳುವರಿಯಲ್ಲಿ ಪವಾಡ ಹುಡುಕಬಾರದು. ಜಿಪೆಲೆಯಲ್ಲಿ ಹಾಗೆಯೇ ಬಿತ್ತಿದರೆ ಏನೂ ಬರುವುದಿಲ್ಲ. ಜಾಯಿಯಲ್ಲಿ ಮಳೆ ಕಡಿಮೆಯಾದ ವರ್ಷ ಹೆಕ್ಟೇರಿಗೆ 300–400 ಕಿಲೊ, ಒಳ್ಳೆಯ ವರ್ಷ 1,500 ಕಿಲೊವರೆಗೆ ಧಾನ್ಯ ಸಿಕ್ಕಿದೆ. ಗೊಬ್ಬರವಿಲ್ಲದ ಬರೀ ಗುಂಡಿ ನೀರು ಹಿಡಿಯುತ್ತದೆ, ಕಾಳು ಕೊಡುವುದು ತೀರ ಕಡಿಮೆ. ಆ ನೆಲದಲ್ಲಿ ನೀರಿನಷ್ಟೇ ಸಾರವೂ ಖಾಲಿಯಾಗಿರುತ್ತದೆ.

ಎಲ್ಲ ಕಡೆಗೂ ಇದು ಹೊಂದುವುದಿಲ್ಲ. ವರ್ಷಕ್ಕೆ 300ರಿಂದ 800 ಮಿಲಿಮೀಟರ್ ಮಳೆ ಬೀಳುವಲ್ಲಿ ಸರಿ (ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಈ ಪಟ್ಟಿಯೊಳಗೇ ಬರುತ್ತವೆ). ಅದಕ್ಕಿಂತ ಹೆಚ್ಚಿದ್ದರೆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮರಳು ನೆಲದಲ್ಲಿ ಗುಂಡಿಯ ಅಂಚು ಕುಸಿಯುತ್ತದೆ, ಹರಿದು ಬರುವ ನೀರೂ ಇರುವುದಿಲ್ಲ. ಇಳಿಜಾರು ಹೆಚ್ಚಿದ್ದು ಮೇಲಿನಿಂದ ರಭಸದ ನೀರು ಬಂದರೆ ಒಂದೇ ಮಳೆಗೆ ಗೊಬ್ಬರ ಸಮೇತ ಗುಂಡಿಗಳು ತೊಳೆದುಹೋಗುತ್ತವೆ. ಅದಕ್ಕೆ ಮದ್ದು ಕಲ್ಲಿನ ಬದು. ಒಂದೇ ಮಟ್ಟದ ಗೆರೆ ಹಿಡಿದು ಕಲ್ಲು ಜೋಡಿಸುತ್ತಾರೆ, ನೀರನ್ನು ತಡೆಯಲು ಅಲ್ಲ, ನಿಧಾನ ಮಾಡಲು. ಮಣ್ಣಿನ ಬದು ಒಡೆದರೆ ಒಂದೇ ಕಡೆ ಕೊರಕಲು ಬೀಳುತ್ತದೆ, ಕಲ್ಲಿನ ಬದು ಸಂದುಗಳಿಂದ ಜಿನುಗಿಸುತ್ತದೆ. ಆ ಗೆರೆ ಎಳೆಯಲು ನಮ್ಮ ಗಾರೆ ಕೆಲಸದವರು ಬಳಸುವಂಥ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆ 1979ರಲ್ಲಿ ಶುರು ಮಾಡಿದ ಯೋಜನೆ ಯಟೆಂಗಾದಲ್ಲಿ ಈ ಪೈಪಿನ ಬಳಕೆಯನ್ನು ಹಳ್ಳಿಗರಿಗೆ ಕಲಿಸಿತು. ಇಂಥ ಇಳಿಜಾರಿನಲ್ಲಿ ಬದು ಜೊತೆಗಿದ್ದರೇ ಜಾಯಿ ಉಳಿಯುತ್ತದೆ.

ಜಾಯಿಯನ್ನು ‘ಅಗ್ಗದ ತಂತ್ರ’ ಎಂದು ಹೊಗಳುವುದುಂಟು. ದುಡ್ಡಿನ ಲೆಕ್ಕದಲ್ಲಿ ಅಗ್ಗ, ಬೆನ್ನಿನ ಲೆಕ್ಕದಲ್ಲಿ ದುಬಾರಿ. 80 ಸೆಂಟಿಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 6,300 ಗುಂಡಿ. ಹೆಕ್ಟೇರಿಗೆ 300 ಗಂಟೆಯ ದುಡಿಮೆ ಎಂಬ ಅಂದಾಜು ಹಿಡಿದರೆ ಎಕರೆಗೆ 120 ಗಂಟೆ: ಆ ಬಿಸಿಲಲ್ಲಿ ದಿನಕ್ಕೆ ಐದು ಗಂಟೆಯಂತೆ ಒಬ್ಬನಿಗೆ 24 ದಿನ. ಗುಂಡಿಗೆ 300 ಗ್ರಾಂ ಎಂದರೂ ಹತ್ತೊಂಬತ್ತು ಕ್ವಿಂಟಾಲ್ ಗೊಬ್ಬರ ಬೇಕು, ಅದನ್ನು ಹೊಲಕ್ಕೆ ಸಾಗಿಸಲು ಗಾಡಿಯೂ ಬೇಕು. ಗಂಡಸರು ದುಡಿಯಲು ಐವರಿ ಕೋಸ್ಟಿಗೆ ಹೋದ ಮನೆಗೆ, ದನವಿಲ್ಲದ ಮನೆಗೆ ಈ ‘ಅಗ್ಗದ’ ದಾರಿ ತೆರೆದಿಲ್ಲ. ಯೋಜನೆಗಳು ಸೋಲುವುದೂ ಬಹುಪಾಲು ಇಲ್ಲೇ, ತರಬೇತಿ ಕೊಟ್ಟು ಗೊಬ್ಬರ ಎಲ್ಲಿಂದ ಬರುತ್ತದೆಂದು ಕೇಳದಿರುವಲ್ಲಿ.

ಬೆನ್ನುಳಿಸಲು ಎತ್ತಿನಿಂದ ಎಳೆಯುವ ಹಲ್ಲಿನ ಸಾಧನ ಬಂದಿದೆ. ಒಣ ನೆಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೀರು ಎಳೆದು, ಗೀರುಗಳು ಕೂಡುವಲ್ಲಿ ಮಾತ್ರ ಗುದ್ದಲಿಯಿಂದ ಗುಂಡಿ ತೆಗೆಯುತ್ತಾರೆ. ಹಾವೇರಿ ಕಡೆಯ ಗುಳಿ ರಾಗಿ ನೋಡಿದವರಿಗೆ ಇದು ಪರಿಚಿತ ಚಿತ್ರ: ಅಲ್ಲೂ ಚೌಕಳಿ ಗೆರೆ, ಗೆರೆ ಕೂಡುವಲ್ಲಿ ಹಿಡಿ ಗೊಬ್ಬರ, ಎರಡು ಸಸಿ. ಆದರೆ ಗುಳಿ ರಾಗಿಯಲ್ಲಿ ಹೊಲವೆಲ್ಲ ಹದ ಮಾಡಿದ ನೆಲ, ಸುತ್ತಲಿನ ನೀರನ್ನು ಎಳೆದುಕೊಳ್ಳುವುದು ಗುಳಿಯ ಕೆಲಸವಲ್ಲ. ಗೊಬ್ಬರವನ್ನು ಎರಚದೆ ಬೇರಿನ ಬುಡಕ್ಕೇ ಕೊಡುವ ಲೆಕ್ಕ ಮಾತ್ರ ಎರಡರಲ್ಲೂ ಒಂದೇ.

ಎರಡನೇ ವರ್ಷ ಹಳೆಯ ಗುಂಡಿಯನ್ನೇ ಕೆದರಿ ಬಿತ್ತಬಹುದು, ಇಲ್ಲವೇ ನಡುವಿನ ಜಾಗದಲ್ಲಿ ಹೊಸದನ್ನು ತೋಡಬಹುದು. ಹೀಗೆ ಕೆಲವು ವರ್ಷ ಸ್ಥಳ ಬದಲಿಸಿದರೆ ಇಡೀ ಹೊಲ ತಿರುಗಿ ಬರುತ್ತದೆ. ತಕರಾರು ಶುರುವಾಗುವುದೂ ಆಗಲೇ. ಯಾರಿಗೂ ಬೇಡವಾಗಿದ್ದ ನೆಲ ಹಸಿರಾದ ಮೇಲೆ ಅದರ ಒಡೆಯ ನೆನಪಾಗುತ್ತಾನೆ, ಗೇಣಿಗೆ ಮಾಡಿದವನು ತೋಡಿದ ಗುಂಡಿಗಳನ್ನು ಬಿಟ್ಟು ಏಳಬೇಕಾಗುತ್ತದೆ. ಸವಡೋಗೊ ಬೆಳೆಸಿದ ಕಾಡಿನ ಜಾಗಕ್ಕೂ ಹತ್ತಿರದ ಉವಾಹಿಗೂಯ ಪಟ್ಟಣ ಬೆಳೆದು ನಿವೇಶನಗಳ ಗೆರೆ ಬಂತು. ನೈಜರಿನ ಇಲ್ಲೇಲಾದಲ್ಲಿ ಇನ್ನೊಂದು ಬಗೆ. ಅಲ್ಲಿಂದ 1989ರಲ್ಲಿ 13 ರೈತರು ಯಟೆಂಗಾಕ್ಕೆ ಹೋಗಿ ಜಾಯಿ ನೋಡಿಕೊಂಡು ಬಂದು ತಮ್ಮ ಹೊಲದಲ್ಲಿ ತಸ್ಸಾ ತೋಡಿದರು. ಕೆಲವೇ ವರ್ಷಗಳಲ್ಲಿ ಆ ಸೀಮೆಯಲ್ಲಿ ಹೆಪ್ಪುಗಟ್ಟಿದ ಬರಡು ನೆಲಕ್ಕೇ ಬೆಲೆ ಬಂತು, ಜನ ಅದನ್ನು ಕೊಳ್ಳತೊಡಗಿದರು.