ತುಂಬಿದ ಮನೆಯಲ್ಲೂ ಆಟಿಯ ಹಸಿವು

ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಒಬ್ಬರು ಅಮ್ಮ ನನ್ನ ಹತ್ತಿರ ಬರುತ್ತಾರೆ. ವಯಸ್ಸು ಅರುವತ್ತೈದು ದಾಟಿದೆ. ಮಾತ್ರೆ ತಪ್ಪಿಸುವುದಿಲ್ಲ, ರಾತ್ರಿ ಎರಡೇ ಚಪಾತಿ. ಆದರೂ ಶುಗರ್ ಇಳಿಯುತ್ತಿರಲಿಲ್ಲ. ಮೂರನೇ ಸಲ ಬಂದಾಗ ಸೊಸೆಯನ್ನು ಹೊರಗೆ ಕೂರಿಸಿ ಮೆಲ್ಲಗೆ ಹೇಳಿದರು: "ಎಲ್ಲರೂ ಮಲಗಿದ ಮೇಲೆ ಉಳಿದ ಅನ್ನ ತಿನ್ನುತ್ತೇನೆ ಡಾಕ್ಟ್ರೇ. ಪಾತ್ರೆಯಿಂದಲೇ, ನಿಂತುಕೊಂಡು. ಬಿಸಾಡ್ಲಿಕ್ಕೆ ಕೈ ಬರುವುದಿಲ್ಲ."

1960ರ ದಶಕದ ನಡುವೆ ಕೇರಳದಲ್ಲಿ ಅಕ್ಕಿಗೆ ತತ್ವಾರವಿದ್ದಾಗ ಅವರು ಪುಟ್ಟ ಹುಡುಗಿ. ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು; ಆಗ ಮಳೆ ಹಿಡಿದರೆ ಕೂಲಿ ಇಲ್ಲ. ಹಳೆ ಭತ್ತ ಮುಗಿದಿರುತ್ತಿತ್ತು, ಹೊಸದು ಇನ್ನೂ ಗದ್ದೆಯಲ್ಲಿ. ಉಪ್ಪುನೀರಲ್ಲಿಟ್ಟ ಹಲಸಿನ ಸೊಳೆ, ಕೆಸುವಿನ ಎಲೆ, ತಗಟೆ ಸೊಪ್ಪು ತಿಂದು ದಿನ ದೂಡಿದವರು. "ಗಂಜಿ ಬಡಿಸುವಾಗ ಸೌಟು ತಳಕ್ಕೆ ತಾಗುವ ಸದ್ದು ಕೇಳಿದರೆ, ನನಗೆ ಇವತ್ತು ತಿಳಿ ಮಾತ್ರ ಅಂತ ಗೊತ್ತಾಗುತ್ತಿತ್ತು" ಅಂದರು. ಹೇಳುವಾಗ ಬಲಗೈ ಸೌಟು ಹಿಡಿದ ಹಾಗೇ ಇತ್ತು.

ಈಗ ಮನೆಯಲ್ಲಿ ಅಕ್ಕಿ ಮೂಟೆ ಮೂಟೆ ಇದೆ. ಆದರೆ ಆ ಸದ್ದು ಹೋಗಿಲ್ಲ.

ಅಮೆರಿಕದ ಮಿನ್ನೆಸೋಟದಲ್ಲಿ 1944ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದರು. ತಾವಾಗಿಯೇ ಒಪ್ಪಿ ಬಂದ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ. ಅವರಿಗೆ ಊಟದ್ದೇ ಯೋಚನೆ, ಊಟದ್ದೇ ಕನಸು. ಅಡುಗೆ ಪುಸ್ತಕ ಕೂಡಿಟ್ಟರು, ತಟ್ಟೆ ನೆಕ್ಕಿದರು. ಪ್ರಯೋಗ ಮುಗಿದು ಬೇಕಾದಷ್ಟು ಸಿಕ್ಕ ಮೇಲೂ ಕೆಲವರಿಗೆ ಹೊಟ್ಟೆ ತುಂಬಿದರೂ ಸಾಕೆನಿಸಲಿಲ್ಲ. ತೂಕ ಇಳಿದಾಗ ಹೊಟ್ಟೆ ತುಂಬಿದೆ ಅನ್ನುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ, ಹಸಿವೆ ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಜಾಸ್ತಿಯಾಗುತ್ತದೆ. ಮನಸ್ಸು ಗಟ್ಟಿ ಇಲ್ಲ ಅಂತ ಸುಮ್ನೆ ಬೈದುಕೊಳ್ಳುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಬರ ಕಾಣದ ಮಕ್ಕಳೂ ಡಯಟ್ ಹೆಸರಲ್ಲಿ ಇದೇ ಕೊರತೆಯನ್ನು ತಂದುಕೊಳ್ಳುತ್ತಾರೆ. ಸೋಮವಾರದಿಂದ ಅನ್ನ ಬಂದ್ ಅಂತ ತೀರ್ಮಾನಿಸಿದವರು ಭಾನುವಾರ ಎಷ್ಟು ಉಣ್ಣುತ್ತಾರೆ ಅಂತ ಗೊತ್ತಲ್ವಾ?

ಈ ಅಮ್ಮನ ವಿಷಯದಲ್ಲಿ ತಪ್ಪು ನನ್ನದೂ ಹೌದು. ಮೊದಲ ಚೀಟಿಯಲ್ಲೇ "ರಾತ್ರಿ ಅನ್ನ ಬೇಡ" ಎಂದು ಬರೆದಿದ್ದೆ. ಅವರ ಕಿವಿಗೆ ಸೌಟು ಮತ್ತೆ ತಳಕ್ಕೆ ತಾಗಿರಬೇಕು. ಅದನ್ನು ಹೊಡೆದು ಹಾಕಿ, ಒಂದು ಸಣ್ಣ ಬಟ್ಟಲು ಕುಚ್ಚಲಕ್ಕಿ ಅನ್ನ, ಎರಡು ಬಗೆ ಪಲ್ಯ ಅಂತ ಬರೆದೆ. ಎಲ್ಲರ ಜೊತೆ ಕೂತು, ತಟ್ಟೆಗೆ ಬಡಿಸಿಕೊಂಡೇ ಉಣ್ಣಬೇಕು. ಉಳಿದದ್ದಕ್ಕೆ ದಾರಿ ಅವರೇ ಹೇಳಿದರು: "ನೀರು ಹಾಕಿಡುತ್ತೇನೆ." ಬೆಳಗ್ಗೆ ಅದರಲ್ಲೇ ಅಳತೆ ಮಾಡಿ ಅವರ ತಿಂಡಿ.

ಶುಗರ್ ಸ್ವಲ್ಪ ಇಳಿದಿದೆ, ಇನ್ನೂ ಇಳಿಯಬೇಕು. ಒಮ್ಮೊಮ್ಮೆ ರಾತ್ರಿ ಎದ್ದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರಂತೆ. ನೀರಿನಡಿ ಅನ್ನ ಕಂಡ ಮೇಲೆ ಹೋಗಿ ಮಲಗುತ್ತಾರಂತೆ.