ಪ್ಲಾಸ್ಮಾ ಸೋಸುವ ಚಿಕಿತ್ಸೆ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು?

ರಕ್ತವನ್ನು ಹೊರತೆಗೆದು, ಅದರ ದ್ರವಭಾಗವಾದ ಪ್ಲಾಸ್ಮಾವನ್ನು ಬೇರ್ಪಡಿಸಿ, ಕಣಗಳನ್ನಷ್ಟೇ ದೇಹಕ್ಕೆ ಮರಳಿಸುವ ಪ್ರಯೋಗವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಜೇಕಬ್ ಏಬಲ್ ಮತ್ತು ಸಂಗಡಿಗರು 1914ರಲ್ಲಿ ನಾಯಿಗಳ ಮೇಲೆ ನಡೆಸಿ, ಅದನ್ನು ‘ಪ್ಲಾಸ್ಮಾಫೆರೆಸಿಸ್’ ಎಂದು ಕರೆದರು. ರೋಗಾಣುಗಳೊಡನೆ ಹೋರಾಡುವ ಪ್ರೋಟೀನುಗಳಾದ ಪ್ರತಿಕಾಯಗಳನ್ನು ದೇಹವೇ ತನ್ನ ವಿರುದ್ಧ ತಯಾರಿಸಿಕೊಳ್ಳಬಹುದೆಂಬ ವಿಚಾರ ಆಗಿನ್ನೂ ವೈದ್ಯಲೋಕದಲ್ಲಿ ಬೇರೂರಿರಲಿಲ್ಲ. ಈ ಕೆಲಸವನ್ನು ನಿರಂತರವಾಗಿ ಮಾಡಬಲ್ಲ ಯಂತ್ರ ಬಂದದ್ದು 1960ರ ದಶಕದಲ್ಲಿ. ಐಬಿಎಂ ಸಂಸ್ಥೆಯ ಎಂಜಿನಿಯರ್ ಜಾರ್ಜ್ ಜಡ್ಸನ್ ಅವರ ಮಗನಿಗೆ ರಕ್ತದ ಕ್ಯಾನ್ಸರ್ ಬಂದಿತ್ತು; ಅವರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯರೊಂದಿಗೆ ಸೇರಿ ಈ ಯಂತ್ರವನ್ನು ರೂಪಿಸಿದರು.

ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ಎರಗುವ ಆಟೋಇಮ್ಯೂನ್ ಕಾಯಿಲೆಗಳ ಮಟ್ಟಿಗೆ ನಿರ್ಣಾಯಕ ವರ್ಷ 1976. ಲಂಡನ್ನಿನಲ್ಲಿ ವೈದ್ಯರು ಮೂತ್ರಪಿಂಡ ಮತ್ತು ಶ್ವಾಸಕೋಶಗಳ ಮೇಲೆರಗುವ ಗುಡ್‌ಪಾಶ್ಚರ್ ಕಾಯಿಲೆಯಲ್ಲಿಯೂ, ರೆಪ್ಪೆ ಜೋತು ಬಿದ್ದು, ನುಂಗುವುದೂ ಉಸಿರಾಡುವುದೂ ಕಷ್ಟವಾಗುವ ಮಯಸ್ತೇನಿಯಾ ಗ್ರೇವಿಸ್‌ನಲ್ಲಿಯೂ ಪ್ಲಾಸ್ಮಾ ಬದಲಾಯಿಸಿ, ಎಂದರೆ ಅದನ್ನು ತೆಗೆದು ಬದಲಿಗೆ ಬೇರೆ ದ್ರವ ತುಂಬಿ, ಸುಧಾರಣೆ ಕಂಡರು. ಪ್ಲಾಸ್ಮಾ ತೆಗೆದೊಡನೆ ಸ್ನಾಯುಗಳಿಗೆ ಬಲ ಮರಳಿತೆಂದರೆ, ಕೇಡು ರಕ್ತದಲ್ಲಿ ಹರಿಯುತ್ತಿದ್ದ ಪ್ರತಿಕಾಯಗಳದ್ದೇ ಎಂಬುದಕ್ಕೆ ಅದು ಪುರಾವೆಯೂ ಆಯಿತು. ನನ್ನ ದೃಷ್ಟಿಯಲ್ಲಿ ಆ ವರ್ಷದ ದೊಡ್ಡ ಗಳಿಕೆ ಇದೇ.

ಅನಂತರ ಉತ್ಸಾಹ ಹದ್ದು ಮೀರಿತು. ರುಮಟಾಯ್ಡ್ ಸಂಧಿವಾತದಲ್ಲಿ ಹುಸಿ ಚಿಕಿತ್ಸೆಯೊಡನೆ ಹೋಲಿಸಿದ 1983ರ ಪರೀಕ್ಷೆಯಾಗಲಿ, ಹಲವು ಅಂಗಗಳ ಮೇಲೆರಗುವ ಲೂಪಸ್ ರೋಗದ ಮೂತ್ರಪಿಂಡ ತೊಂದರೆಯ ಕುರಿತ 1992ರ ಪರೀಕ್ಷೆಯಾಗಲಿ ಯಾವ ಲಾಭವನ್ನೂ ತೋರಿಸಲಿಲ್ಲ. ಈ ಚಿಕಿತ್ಸೆಗೆ ಒಂದು ಮೂಲ ದೋಷವಿದೆ: ಪ್ರತಿಕಾಯಗಳ ಮುಖ್ಯ ಬಗೆಯಾದ ಐಜಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರಕ್ತನಾಳಗಳ ಹೊರಗೇ ಇದ್ದು, ಸೋಸಿದ ಬಳಿಕ ಮೆಲ್ಲಗೆ ಒಳಕ್ಕೆ ಜಿನುಗುತ್ತದೆ, ಜೊತೆಗೆ ಅವುಗಳನ್ನು ತಯಾರಿಸುವ ಕೋಶಗಳೂ ಸುಮ್ಮನಿರುವುದಿಲ್ಲ. ಬೇರೆ ಔಷಧಿಯಿಲ್ಲದೆ ಪ್ಲಾಸ್ಮಾವನ್ನಷ್ಟೇ ಬದಲಾಯಿಸುವುದು ಒರತೆ ಮುಚ್ಚದೆ ಬಾವಿ ಬತ್ತಿಸಲು ಹೊರಟಂತೆ.

ನರಗಳು ಹಾನಿಗೊಂಡು ಕೈಕಾಲುಗಳ ಬಲ ಕುಂದುವ, ಒಮ್ಮೆ ಬಂದು ತಾನಾಗಿ ಇಳಿಯುವ ಗಿಲನ್ ಬಾರೆ ಕಾಯಿಲೆಯಲ್ಲಿ ಮಾತ್ರ ಈ ದೋಷ ಅಷ್ಟಾಗಿ ಬಾಧಿಸುವುದಿಲ್ಲ. ಅಮೆರಿಕದಲ್ಲಿ 245 ರೋಗಿಗಳ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪ್ಲಾಸ್ಮಾ ಬದಲಾಯಿಸಿಕೊಂಡವರು ಬೇಗ ಚೇತರಿಸಿಕೊಂಡರು. ದಾನಿಗಳ ಪ್ಲಾಸ್ಮಾದಿಂದ ತಯಾರಾಗುವ ಇಮ್ಯುನೊಗ್ಲಾಬ್ಯುಲಿನ್ (ಪ್ರತಿಕಾಯಗಳ) ಚುಚ್ಚುಮದ್ದು ಅಷ್ಟೇ ಪರಿಣಾಮಕಾರಿ ಎಂದು 1992ರಲ್ಲಿ ಡಚ್ ವೈದ್ಯರು ತೋರಿಸಿದ ಮೇಲೆ, ಶ್ರೀಮಂತ ದೇಶಗಳು ಹೆಚ್ಚಾಗಿ ಅದರತ್ತ ವಾಲಿದವು.

ನಮ್ಮಲ್ಲಿ ಆ ಚುಚ್ಚುಮದ್ದಿನ ಬೆಲೆ ಅನೇಕ ಕುಟುಂಬಗಳ ಕೈಗೆಟುಕದ ಕಾರಣ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಪ್ಲಾಸ್ಮಾ ಚಿಕಿತ್ಸೆ ತನ್ನ ಸ್ಥಾನ ಉಳಿಸಿಕೊಂಡಿದೆ. ಹಾಸಿಗೆಯ ಪಕ್ಕದ ಚೀಲದಲ್ಲಿ ಹಳದಿ ದ್ರವ ತುಂಬುತ್ತಾ ಹೋದಂತೆ ರೋಗಿಗೆ ತುಟಿ ಜುಮ್ಮೆನ್ನತೊಡಗಿದರೆ, ರಕ್ತ ಹೆಪ್ಪುಗಟ್ಟದಂತೆ ಬೆರೆಸಿದ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡಿದೆ ಎಂದರ್ಥ. ಆಗ ಕ್ಯಾಲ್ಸಿಯಂ ಕೊಡುತ್ತಾರೆ. ಆದರೆ ಯಂತ್ರವಾಗಲಿ ನುರಿತ ಸಿಬ್ಬಂದಿಯಾಗಲಿ ಎಲ್ಲ ಆಸ್ಪತ್ರೆಗಳಲ್ಲಿಯೂ ಇಲ್ಲ. ಈ ಕೊರತೆಗೆ ಉತ್ತರ ಹುಡುಕಿದ ಬಾಂಗ್ಲಾದೇಶದ ವೈದ್ಯರು, ಚೀಲದಲ್ಲಿ ರಕ್ತಕಣಗಳು ತಾವಾಗಿ ತಳ ಸೇರುವವರೆಗೆ ಕಾದು, ಮೇಲಿನ ಪ್ಲಾಸ್ಮಾವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುವ ಅಗ್ಗದ ವಿಧಾನವನ್ನು 2018ರಲ್ಲಿ ವರದಿ ಮಾಡಿದರು. ಕೇವಲ 20 ರೋಗಿಗಳ ಮೇಲಿನ ಆ ಅಧ್ಯಯನ ವಿಧಾನದ ಸುರಕ್ಷತೆಯನ್ನು ನೋಡಿತೇ ಹೊರತು, ಅದರ ಪರಿಣಾಮವನ್ನು ತೂಗಿ ನೋಡುವಷ್ಟು ದೊಡ್ಡದಾಗಿರಲಿಲ್ಲ.